ಎಡಮುರಿ ಆರ್‌ಎನ್‌ಎ

ಜೀವಕೋಶದೊಳಗೆ ವೈರಸ್ ಹೊಕ್ಕಿದೆಯೇ ಎಂದು ತಿಳಿಯಲು ಅದು ಯಾವ ವೈರಸ್ ಎಂಬುದು ಮೊದಲೇ ಗೊತ್ತಿರಬೇಕೆಂದಿಲ್ಲ. ಅದು ಬಿಟ್ಟುಹೋಗುವ ಆಕಾರಗಳೇ ಸಾಕು. ನಮ್ಮ ಕೋಶಗಳ ಆರ್‌ಎನ್‌ಎ ಸಾಮಾನ್ಯವಾಗಿ ಒಂಟಿ ಎಳೆ. ಅಲ್ಲಲ್ಲಿ ಮಡಚಿ ಜೋಡಿಯಾದರೂ ಆ ಭಾಗಗಳು ಗಿಡ್ಡ. ಆದರೆ ಅನೇಕ ವೈರಸ್‌ಗಳು ತಮ್ಮ ಪ್ರತಿ ತೆಗೆಯುವಾಗ ಎರಡೆಳೆಯ ಉದ್ದನೆಯ ಆರ್‌ಎನ್‌ಎ ಹುಟ್ಟುತ್ತದೆ. 1991ರಲ್ಲಿ ವರದಿಯಾದ ಜೆ2 ಎಂಬ ಪ್ರತಿಕಾಯ ಹಿಡಿಯುವುದು ಇದನ್ನೇ. ತಳೀಯ ಅಕ್ಷರಗಳ ಸಾಲು ಹೇಗೇ ಇರಲಿ, ಸುಮಾರು 40 ಜೋಡಿಯಷ್ಟು ಉದ್ದವಿದ್ದರೆ ಅಂಟಿಕೊಳ್ಳುತ್ತದೆ. ಹೊಳೆಯುವ ಬಣ್ಣ ಸೇರಿಸಿ ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಸೋಂಕಿತ ಕೋಶದ ತುಂಬ ಚುಕ್ಕಿಗಳು.

ಫ್ಲೂ ವೈರಸ್ ಮಾತ್ರ ಈ ಬಲೆಗೆ ಬೀಳಲಿಲ್ಲ. 2006ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಜೆ2ಗೆ ಅದರ ಸುಳಿವೇ ಸಿಗಲಿಲ್ಲ. ಹಾಗಿದ್ದೂ ಫ್ಲೂ ತಗುಲಿದ ಕೋಶ ಅದನ್ನು ಪತ್ತೆಹಚ್ಚಿ ಆತ್ಮಾಹುತಿಗೆ ಇಳಿಯುತ್ತದಲ್ಲ, ಹೇಗೆ?

ಉತ್ತರದ ಒಂದು ತುದಿ 1979ರಲ್ಲಿದೆ. ಡಿಎನ್‌ಎ ಬಲಮುರಿ ಎಂದು ಬಹುತೇಕರು ನಂಬಿದ್ದಾಗ, ಅಮೆರಿಕದ ಎಂಐಟಿಯಲ್ಲಿ ಅಲೆಕ್ಸಾಂಡರ್ ರಿಚ್ ತಂಡಕ್ಕೆ ಹರಳೊಂದರಲ್ಲಿ ಎಡಮುರಿ ಡಿಎನ್‌ಎ ಸಿಕ್ಕಿತು. ಬೆನ್ನೆಲುಬು ಅಂಕುಡೊಂಕಾಗಿದ್ದರಿಂದ ಅದಕ್ಕೆ ಝಡ್-ಡಿಎನ್‌ಎ ಎಂದು ಹೆಸರು. (ಎಡಕ್ಕೂ ಸುತ್ತಿಕೊಳ್ಳಬಲ್ಲ ಡಿಎನ್‌ಎ ಮಾದರಿಗಳನ್ನು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ವಿ. ಶಶಿಶೇಖರನ್ ಅದಕ್ಕೂ ಮೊದಲೇ ಮುಂದಿಟ್ಟಿದ್ದರು. ಈ ಕಥೆ ಹೇಳುವಾಗ ಅವರನ್ನು ನೆನೆಯುವವರು ಕಡಿಮೆ.) ಆರ್‌ಎನ್‌ಎಗೂ ಇಂಥ ರೂಪವಿದೆ. ಬಹುಕಾಲ ಇದು ಹರಳುಗಳಲ್ಲಷ್ಟೇ ಕಾಣುವ ವಿಚಿತ್ರವೆಂದು ಅನೇಕರು ಭಾವಿಸಿದ್ದರು.

2020ರಲ್ಲಿ ‘ಸೆಲ್’ ಪತ್ರಿಕೆಯ ಪ್ರಬಂಧವೊಂದು ಫ್ಲೂ ತಗುಲಿದ ಕೋಶಗಳ ಕೇಂದ್ರದಲ್ಲೇ ಝಡ್-ಆರ್‌ಎನ್‌ಎಯನ್ನು ತೋರಿಸಿತು. ಎಡಮುರಿಗೆ ಅಂಟುವ ಪ್ರತಿಕಾಯದಿಂದ ಕೋಶಕೇಂದ್ರ ಹೊಳೆಯಿತು. ಆರ್‌ಎನ್‌ಎ ಕತ್ತರಿಸುವ ಕಿಣ್ವ ಹಾಕಿದಾಗ ಹೊಳಪು ಹೋಯಿತು, ಡಿಎನ್‌ಎ ಕತ್ತರಿಸುವ ಕಿಣ್ವಕ್ಕೆ ಜಗ್ಗಲಿಲ್ಲ. ಹೊಳೆದದ್ದು ಡಿಎನ್‌ಎ ಅಲ್ಲ, ಆರ್‌ಎನ್‌ಎ ಎಂದು ಈ ತಾಳೆಯಿಂದ ತಿಳಿಯಿತು. ಆದರೂ ಬರೀ ಬಣ್ಣದ ಚಿತ್ರ ಸಾಲದು, ಏಕೆಂದರೆ ಪ್ರತಿಕಾಯವೇ ಎಳೆಯನ್ನು ಎಡಕ್ಕೆ ತಿರುಚಿಬಿಡುವ ಸಾಧ್ಯತೆಯೂ ಇದೆ. ಕೋಶದೊಳಗೆ ಈ ಆಕಾರವನ್ನು ಗುರುತಿಸುವ ಪ್ರೋಟೀನಿನ ಹೆಸರು ಝಡ್‌ಬಿಪಿ1. ಸಾವಿನ ಆದೇಶ ಹೊರಡುವುದು ಅದರಿಂದಲೇ.

ಪ್ರತಿಕಾಯವನ್ನೇ ನಂಬದ ಪುರಾವೆಯೂ ಇದೆ, ಅದನ್ನು ಕೊಟ್ಟದ್ದು ವ್ಯಾಕ್ಸಿನಿಯಾ ವೈರಸ್. ಅದರ ಇ3 ಪ್ರೋಟೀನಿನಲ್ಲಿ ಎಡಮುರಿ ರೂಪಕ್ಕೆ ಅಂಟುವ ತುಣುಕೊಂದಿದೆ. ಆ ತುಣುಕನ್ನು ಕತ್ತರಿಸಿದರೆ ಇಲಿಗಳಲ್ಲಿ ವೈರಸ್ ಸೊರಗುತ್ತದೆ. ಝಡ್‌ಬಿಪಿ1 ಇಲ್ಲದ ಇಲಿಗಳಲ್ಲಾದರೆ ಅದೇ ವೈರಸ್ ಮತ್ತೆ ಮಾರಕವಾಗುತ್ತದೆ.