ಡಿಸ್ಟಾರ್ಷನ್ ಪೆಡಲ್

ಡಿಸ್ಟಾರ್ಷನ್ ಪೆಡಲ್ ಎಂಬುದು ವಿದ್ಯುತ್ ಗಿಟಾರಿಗೂ ಅದರ ಆಂಪ್ಲಿಫೈಯರಿಗೂ ನಡುವೆ ಜೋಡಿಸುವ, ಕಾಲಿನಿಂದ ಒತ್ತಿ ಚಾಲನೆಗೊಳಿಸುವ ಒಂದು ಚಿಕ್ಕ ಎಲೆಕ್ಟ್ರಾನಿಕ್ ಪೆಟ್ಟಿಗೆ. ಗಿಟಾರಿನಿಂದ ಬರುವ ವಿದ್ಯುತ್ ಸಂಕೇತದ ಆಕಾರವನ್ನು ಇದು ಉದ್ದೇಶಪೂರ್ವಕವಾಗಿ ವಿರೂಪಗೊಳಿಸುತ್ತದೆ. ಇದರಿಂದ ತಿಳಿಯಾದ ನಾದವು ಒರಟಾಗಿ, ದಟ್ಟವಾಗಿ, ದೀರ್ಘಕಾಲ ನಿಲ್ಲುವಂತಾಗುತ್ತದೆ. ರಾಕ್, ಬ್ಲೂಸ್, ಹೆವಿ ಮೆಟಲ್ ಮತ್ತು ಪಂಕ್ ಸಂಗೀತ ಪ್ರಕಾರಗಳ ವಿಶಿಷ್ಟ ಧ್ವನಿಗೆ ಈ ವಿರೂಪವೇ ಬಹುಮಟ್ಟಿಗೆ ಕಾರಣ. ಧ್ವನಿ ತಂತ್ರಜ್ಞರು ದೋಷವೆಂದು ಭಾವಿಸಿ ನಿವಾರಿಸಲು ಯತ್ನಿಸುತ್ತಿದ್ದುದನ್ನು ವಾದಕರು ಗುಣವೆಂದು ಸ್ವೀಕರಿಸಿದ ಕಥೆಯೇ ಈ ಉಪಕರಣದ ಇತಿಹಾಸ.

ಹೆಸರುಗಳು

ಈ ವರ್ಗದ ಪೆಡಲುಗಳನ್ನು ಫಜ್, ಓವರ್‌ಡ್ರೈವ್ ಮತ್ತು ಡಿಸ್ಟಾರ್ಷನ್ ಎಂಬ ಮೂರು ಹೆಸರುಗಳಿಂದ ಕರೆಯುವುದುಂಟು. ಫಜ್ ಎಲ್ಲಕ್ಕಿಂತ ಹಳೆಯದು. ಅದರ ಧ್ವನಿ ದುಂಬಿಯ ಝೇಂಕಾರವನ್ನು ಹೋಲುತ್ತದೆ. ಓವರ್‌ಡ್ರೈವ್, ಮಿತಿಮೀರಿ ದುಡಿಸಿದ ವಾಲ್ವ್ ಆಂಪ್ಲಿಫೈಯರಿನ ಮೃದುವಾದ ಒರಟುತನವನ್ನು ಅನುಕರಿಸುತ್ತದೆ. ಡಿಸ್ಟಾರ್ಷನ್ ಇವೆರಡರ ನಡುವಿನದು, ತುಸು ಕಟುವಾದುದು. ಈ ವಿಭಾಗ ಶಾಸ್ತ್ರೀಯವಾದುದೇನಲ್ಲ. ತಯಾರಕರು ಹೆಸರುಗಳನ್ನು ತಮ್ಮಿಷ್ಟದಂತೆ ಬಳಸಿದ್ದಾರೆ.

ಪೆಡಲಿಗೆ ಮುಂಚಿನ ಕಾಲ

1940 ಮತ್ತು 50ರ ದಶಕಗಳ ಆಂಪ್ಲಿಫೈಯರುಗಳು ಚಿಕ್ಕವು, ಕಡಿಮೆ ಸಾಮರ್ಥ್ಯದವು. ಜನ ತುಂಬಿದ ಸಭಾಂಗಣದಲ್ಲಿ ಕೇಳಿಸಲೆಂದು ವಾದಕರು ಅವುಗಳ ಧ್ವನಿಯನ್ನು ಪೂರ್ತಿ ಏರಿಸಿದಾಗ ನಾದ ಒಡೆಯುತ್ತಿತ್ತು. ಅನೇಕರಿಗೆ ಅದು ತೊಂದರೆಯಾದರೆ, ಕೆಲವರಿಗೆ ಹಿಡಿಸಿತು. 1951ರಲ್ಲಿ ಮೆಂಫಿಸ್ ನಗರದಲ್ಲಿ ಸ್ಯಾಮ್ ಫಿಲಿಪ್ಸ್ ಧ್ವನಿಮುದ್ರಿಸಿದ ‘ರಾಕೆಟ್ 88’ ಗೀತೆಯಲ್ಲಿ ವಿಲ್ಲಿ ಕಿಜಾರ್ಟ್ ನುಡಿಸಿದ ಗಿಟಾರಿನ ಧ್ವನಿ ಗೊರಗೊರ ಎನ್ನುತ್ತದೆ. ಪ್ರಯಾಣದಲ್ಲಿ ಆಂಪ್ಲಿಫೈಯರಿಗೆ ಪೆಟ್ಟಾಗಿ, ಹಾಳಾದ ಸ್ಪೀಕರಿನೊಳಗೆ ಕಾಗದವನ್ನು ತುರುಕಿ ಕೆಲಸ ನಡೆಸಿದರೆಂದು ಹೇಳಲಾಗುತ್ತದೆ.

ಮುಂದೆ ವಾದಕರು ಅಪಘಾತಕ್ಕಾಗಿ ಕಾಯಲಿಲ್ಲ. ಲಿಂಕ್ ರೇ 1958ರ ‘ರಂಬಲ್’ ಎಂಬ ಕೃತಿಗಾಗಿ ತನ್ನ ಆಂಪ್ಲಿಫೈಯರಿನ ಸ್ಪೀಕರಿಗೆ ಪೆನ್ಸಿಲಿನಿಂದ ತೂತು ಕೊರೆದನು. ಆ ಕೃತಿಯಲ್ಲಿ ಹಾಡಿನ ಸಾಹಿತ್ಯ ಒಂದಕ್ಷರವೂ ಇಲ್ಲ. ಆದರೂ ಅಮೆರಿಕದ ಕೆಲವು ಬಾನುಲಿ ಕೇಂದ್ರಗಳು ಅದು ಯುವಕರನ್ನು ಹೊಡೆದಾಟಕ್ಕೆ ಪ್ರಚೋದಿಸುತ್ತದೆಂದು ಪ್ರಸಾರವನ್ನು ನಿರಾಕರಿಸಿದವು. ಬರಿಯ ನಾದಗುಣವೇ ಅಧಿಕಾರಸ್ಥರಿಗೆ ಭಯ ಹುಟ್ಟಿಸಿದ ಅಪರೂಪದ ಪ್ರಸಂಗವಿದು. ಲಂಡನ್ನಿನಲ್ಲಿ ಕಿಂಕ್ಸ್ ತಂಡದ ಡೇವ್ ಡೇವಿಸ್, ಇನ್ನೂ ಹದಿಹರೆಯದಲ್ಲಿದ್ದಾಗ, ತನ್ನ ಚಿಕ್ಕ ಆಂಪ್ಲಿಫೈಯರಿನ ಸ್ಪೀಕರನ್ನು ಬ್ಲೇಡಿನಿಂದ ಸೀಳಿದನು. 1964ರ ‘ಯೂ ರಿಯಲಿ ಗಾಟ್ ಮಿ’ ಗೀತೆಯಲ್ಲಿ ಕೇಳಿಬರುವುದು ಆ ಸೀಳಿದ ಕಾಗದದ ಧ್ವನಿ.

ಈ ಉಪಾಯಗಳಿಗೆ ಒಂದು ಮಿತಿಯಿತ್ತು. ಸೀಳಿದ ಸ್ಪೀಕರನ್ನು ಮುಂದಿನ ಹಾಡಿಗೆ ಸರಿಪಡಿಸಲು ಬರುವುದಿಲ್ಲ. ಇನ್ನೊಂದನ್ನು ಅದೇ ರೀತಿ ಸೀಳಲೂ ಬರುವುದಿಲ್ಲ. ಬೇಕೆಂದಾಗ ಬಂದು ಬೇಡವೆಂದಾಗ ಹೋಗುವ ದೋಷವೊಂದು ಬೇಕಾಗಿತ್ತು.

ನ್ಯಾಶ್‌ವಿಲ್ಲಿನ ಪೆಟ್ಟಿಗೆ

ಅದು ದೊರೆತದ್ದು ರಾಕ್ ಸಂಗೀತಗಾರರಿಂದಲ್ಲ, ಅಮೆರಿಕದ ಗ್ರಾಮೀಣ ಸೊಗಡಿನ ‘ಕಂಟ್ರಿ’ ಸಂಗೀತದ ಕೇಂದ್ರವಾದ ನ್ಯಾಶ್‌ವಿಲ್ಲಿನಿಂದ. ಅಲ್ಲಿ ಮಾರ್ಟಿ ರಾಬಿನ್ಸ್ ಹಾಡಿದ ‘ಡೋಂಟ್ ವರಿ’ ಎಂಬ ಶಾಂತವಾದ ಪ್ರೇಮಗೀತೆಯ ಧ್ವನಿಮುದ್ರಣ ನಡೆದಾಗ ಗ್ರೇಡಿ ಮಾರ್ಟಿನ್ ಆರು ತಂತಿಯ ಬಾಸ್ ಗಿಟಾರ್ ನುಡಿಸುತ್ತಿದ್ದನು. ಅವನ ವಾದ್ಯ ಹಾದುಹೋಗುತ್ತಿದ್ದ ಮಿಶ್ರಣ ಯಂತ್ರದ ಒಂದು ಭಾಗ ಕೆಟ್ಟಿತ್ತು. ಹಾಡಿನ ನಡುವೆ ಬಾಸಿನ ಸರದಿ ಬಂದಾಗ ಕಹಳೆಯೂ ಅಲ್ಲದ ಗಿಟಾರೂ ಅಲ್ಲದ ಕರ್ಕಶ ಧ್ವನಿಯೊಂದು ಹೊರಟಿತು. ಪುನಃ ಮುದ್ರಿಸಬೇಕೆ ಬೇಡವೆ ಎಂಬ ಚರ್ಚೆ ನಡೆದು, ಕೊನೆಗೆ ಅದನ್ನು ಹಾಗೆಯೇ ಉಳಿಸಿಕೊಂಡರು. 1961ರಲ್ಲಿ ಹೊರಬಂದ ಈ ಗೀತೆ ಕಂಟ್ರಿ ಗೀತೆಗಳ ಪಟ್ಟಿಯಲ್ಲಿ ಮೊದಲ ಸ್ಥಾನಕ್ಕೇರಿತು.

ಆ ಮುದ್ರಣದ ತಂತ್ರಜ್ಞ ಗ್ಲೆನ್ ಸ್ನಾಡಿ. ಬೇರೆ ಗಾಯಕರು ಅದೇ ಧ್ವನಿಯನ್ನು ಕೇಳಿಕೊಂಡು ಬರುವ ವೇಳೆಗೆ ಯಂತ್ರದ ಆ ಭಾಗ ಪೂರ್ತಿ ಕೆಟ್ಟು ನಿಂತುಹೋಗಿತ್ತೆಂದು ಆತ ನೆನಪಿಸಿಕೊಂಡಿದ್ದಾನೆ. ಆದ್ದರಿಂದ ಕೆಟ್ಟ ಯಂತ್ರದ ಧ್ವನಿಯನ್ನು ಕೆಡದ ಯಂತ್ರದಿಂದ ತೆಗೆಯುವ ವಿಚಿತ್ರ ಕೆಲಸ ಅವನ ಪಾಲಿಗೆ ಬಂತು. ರೆವಿಸ್ ಹಾಬ್ಸ್ ಎಂಬ ಎಂಜಿನಿಯರನೊಡನೆ ಸೇರಿ, ಮೂರು ಜರ್ಮೇನಿಯಂ ಟ್ರಾನ್ಸಿಸ್ಟರುಗಳನ್ನು ಬಳಸಿ ಆತ ಒಂದು ಮಂಡಲವನ್ನು ರಚಿಸಿದನು. ಗಿಬ್ಸನ್ ಸಂಸ್ಥೆ ಅದನ್ನು 1962ರಲ್ಲಿ ‘ಮಾಯೆಸ್ಟ್ರೊ ಫಜ್-ಟೋನ್ ಎಫ್‌ಝಡ್-1’ ಎಂಬ ಹೆಸರಿನಲ್ಲಿ ಮಾರುಕಟ್ಟೆಗೆ ತಂದಿತು. ವ್ಯಾಪಕವಾಗಿ ಮಾರಾಟಕ್ಕೆ ಬಂದ ಮೊದಲ ಫಜ್ ಪೆಡಲ್ ಇದೇ. ಇದರ ಪೇಟೆಂಟ್ 1965ರಲ್ಲಿ ದೊರೆಯಿತು.

ಗಿಬ್ಸನ್ ಸಂಸ್ಥೆಗೆ ತಾನು ಮಾರುತ್ತಿರುವುದು ಏನೆಂಬುದು ತಿಳಿದಿರಲಿಲ್ಲವೆಂದೇ ಹೇಳಬೇಕು. ಗಿಟಾರಿನಿಂದ ಟ್ರಂಪೆಟ್, ಟ್ಯೂಬಾ, ಚೆಲ್ಲೊ ಮುಂತಾದ ವಾದ್ಯಗಳ ಧ್ವನಿಯನ್ನು ಹೊರಡಿಸಬಹುದೆಂದು ಜಾಹೀರಾತು ಹೇಳುತ್ತಿತ್ತು. ಅಂಗಡಿಗಳು ಮೊದಲು ಕುತೂಹಲದಿಂದ ತರಿಸಿಕೊಂಡವು. ಅನಂತರ ಬೇಡಿಕೆ ಕುಸಿಯಿತು. ಟ್ರಂಪೆಟ್ ಬೇಕಾದವನು ಟ್ರಂಪೆಟ್ ವಾದಕನನ್ನೇ ಕರೆಯುತ್ತಾನಲ್ಲವೆ!

ಪರಿಸ್ಥಿತಿಯನ್ನು ಬದಲಿಸಿದ್ದು 1965ರ ಮೇ ತಿಂಗಳಿನಲ್ಲಿ ರೋಲಿಂಗ್ ಸ್ಟೋನ್ಸ್ ತಂಡವು ಹಾಲಿವುಡ್ಡಿನಲ್ಲಿ ಮುದ್ರಿಸಿದ ‘ಸ್ಯಾಟಿಸ್‌ಫ್ಯಾಕ್ಷನ್’ ಗೀತೆ. ಕೀತ್ ರಿಚರ್ಡ್ಸ್ ಆ ಗೀತೆಯ ಮುಖ್ಯ ಸ್ವರಸಾಲನ್ನು ಫಜ್-ಟೋನ್ ಮೂಲಕ ನುಡಿಸಿದನು. ಅವನ ಮನಸ್ಸಿನಲ್ಲಿದ್ದುದೂ ಜಾಹೀರಾತಿನಲ್ಲಿದ್ದುದೇ: ಮುಂದೆ ಆ ಜಾಗದಲ್ಲಿ ಕಹಳೆ ವಾದ್ಯಗಳನ್ನು ಸೇರಿಸಬೇಕು, ಗಿಟಾರ್ ಕೇವಲ ಕರಡು. ತಂಡದ ಉಳಿದವರು ಒಪ್ಪಲಿಲ್ಲ, ಕರಡೇ ಪ್ರಕಟವಾಯಿತು. ಅದೇ ವರ್ಷ ಓಟಿಸ್ ರೆಡ್ಡಿಂಗ್ ಈ ಗೀತೆಯನ್ನು ನಿಜವಾದ ಕಹಳೆಗಳೊಡನೆ ಹಾಡಿದನು. ಎರಡನ್ನೂ ಒಂದರ ಮೇಲೊಂದು ಕೇಳಿದ ವಿದ್ಯಾರ್ಥಿಗೆ ಒಂದು ಸಂಗತಿ ಸ್ಪಷ್ಟವಾಗುತ್ತದೆ. ಕಹಳೆಗಳ ಆವೃತ್ತಿ ಸೊಗಸಾಗಿದೆ. ಆದರೆ ಫಜ್ ಗಿಟಾರ್ ಕಹಳೆಯ ಅನುಕರಣೆಯಾಗಿ ಉಳಿದಿಲ್ಲ, ಅದು ಬೇರೆಯೇ ಒಂದು ವಾದ್ಯವಾಗಿದೆ.

ನಾದಕ್ಕೆ ಏನಾಗುತ್ತದೆ

ಗಿಟಾರಿನ ತಂತಿ ಕಂಪಿಸಿದಾಗ ಹುಟ್ಟುವ ವಿದ್ಯುತ್ ಸಂಕೇತವು ಏರಿಳಿಯುವ ಅಲೆಯಂತಿರುತ್ತದೆ. ಪೆಡಲ್ ಈ ಅಲೆಯನ್ನು ಮೊದಲು ಬಹುಪಾಲು ಹಿಗ್ಗಿಸುತ್ತದೆ, ಬಳಿಕ ಒಂದು ಮಿತಿಯಾಚೆಗೆ ಹೋಗಗೊಡದೆ ಶಿಖರಗಳನ್ನು ಕತ್ತರಿಸುತ್ತದೆ. ಗುಡ್ಡದ ನೆತ್ತಿಯನ್ನು ಸವರಿ ದಿಣ್ಣೆ ಮಾಡಿದಂತೆ. ತುದಿ ಚಪ್ಪಟೆಯಾದ ಅಲೆಯಲ್ಲಿ ಮೂಲಸ್ವರದ ಜೊತೆಗೆ ಅದರ ಎರಡರಷ್ಟು, ಮೂರರಷ್ಟು, ಐದರಷ್ಟು ಆವೃತ್ತಿಯ ಉಪಸ್ವರಗಳು ಹೊಸದಾಗಿ ಹುಟ್ಟಿಕೊಳ್ಳುತ್ತವೆ ಅಥವಾ ಇದ್ದವು ಬಲಗೊಳ್ಳುತ್ತವೆ. ಮೇಲಿನ ಮತ್ತು ಕೆಳಗಿನ ಶಿಖರಗಳನ್ನು ಸಮನಾಗಿ ಕತ್ತರಿಸಿದರೆ ಬೆಸಸಂಖ್ಯೆಯ ಉಪಸ್ವರಗಳು ಪ್ರಧಾನವಾಗುತ್ತವೆ. ಒಂದು ಬದಿಯನ್ನು ಹೆಚ್ಚು ಕತ್ತರಿಸಿದರೆ ಸಮಸಂಖ್ಯೆಯವೂ ಸೇರುತ್ತವೆ. ಕತ್ತರಿಸಿದ ಅಂಚು ಚೂಪಾಗಿದ್ದಷ್ಟೂ ಧ್ವನಿ ಕಟು.

ಇನ್ನೊಂದು ಪರಿಣಾಮವೆಂದರೆ ದೀರ್ಘತೆ. ತಂತಿಯ ಕಂಪನ ಕ್ರಮೇಣ ಕ್ಷೀಣಿಸುತ್ತದಾದರೂ, ಅತಿಯಾಗಿ ಹಿಗ್ಗಿಸಿದ ಕಾರಣ ಕ್ಷೀಣಿಸಿದ ಸಂಕೇತವೂ ಮಿತಿಯನ್ನು ಮುಟ್ಟುತ್ತಲೇ ಇರುತ್ತದೆ. ಹೀಗಾಗಿ ಮೀಟಿ ಬಿಡುವ ವಾದ್ಯವಾದ ಗಿಟಾರ್, ಪಿಟೀಲಿನಂತೆ ಅಥವಾ ಕೊಳಲಿನಂತೆ ಸ್ವರವನ್ನು ಹಿಡಿದು ನಿಲ್ಲಿಸಬಲ್ಲುದು.

ಎರಡು ಸ್ವರಗಳನ್ನು ಒಟ್ಟಿಗೆ ನುಡಿಸಿದಾಗ ಇನ್ನೂ ಕುತೂಹಲಕರವಾದುದು ನಡೆಯುತ್ತದೆ. ಪೆಡಲ್ ಆ ಎರಡರ ಮೊತ್ತ ಮತ್ತು ವ್ಯತ್ಯಾಸದ ಆವೃತ್ತಿಗಳನ್ನೂ ಸೃಷ್ಟಿಸುತ್ತದೆ. 110 ಹರ್ಟ್ಸ್‌ನ ಸ್ವರವನ್ನು ಷಡ್ಜವೆಂದು ಭಾವಿಸಿದರೆ ಅದರ ಪಂಚಮ ಸುಮಾರು 165 ಹರ್ಟ್ಸ್. ಇವುಗಳ ವ್ಯತ್ಯಾಸ 55. ಅದು ಒಂದು ಸ್ಥಾಯಿ ಕೆಳಗಿನ ಷಡ್ಜ. ಮೊತ್ತ 275, ಅದು ಮೇಲಿನ ಸ್ಥಾಯಿಯ ಅಂತರ ಗಾಂಧಾರ. ನುಡಿಸದೆ ಇದ್ದ ಸ್ವರಗಳು ತಾವಾಗಿ ಬಂದು ಶ್ರುತಿಗೆ ಕೂಡಿಕೊಳ್ಳುತ್ತವೆ. ರಾಕ್ ವಾದಕರು ಷಡ್ಜ ಪಂಚಮಗಳನ್ನು ಮಾತ್ರ ಕೂಡಿಸಿ ನುಡಿಸುವ ‘ಪವರ್ ಕಾರ್ಡ್’ ಅಷ್ಟು ಪ್ರಬಲವಾಗಿ ಕೇಳುವುದು ಇದರಿಂದ. ಗಿಟಾರಿನ ಮೆಟ್ಟಿಲುಗಳಲ್ಲಿ ದೊರೆಯುವ ಗಾಂಧಾರ ಸುಮಾರು 138.6 ಹರ್ಟ್ಸ್, ಷಡ್ಜದೊಡನೆ ಅದರ ವ್ಯತ್ಯಾಸ 28.6. ಎರಡು ಸ್ಥಾಯಿ ಕೆಳಗಿನ ಷಡ್ಜವಾಗಲು ಅದು 27.5 ಆಗಬೇಕಿತ್ತು. ಈ ಅಪಶ್ರುತಿಯಿಂದಾಗಿ ಹೆಚ್ಚು ಡಿಸ್ಟಾರ್ಷನ್ ಇಟ್ಟು ಪೂರ್ಣ ಕಾರ್ಡನ್ನು ನುಡಿಸಿದರೆ ಧ್ವನಿ ಕಲಸಿಹೋಗುತ್ತದೆ. ಹೆವಿ ಮೆಟಲ್ ಸಂಗೀತದ ಸ್ವರರಚನೆ ಸರಳವೆಂದು ದೂರುವವರು ಈ ಭೌತಿಕ ಕಾರಣವನ್ನು ಗಮನಿಸತಕ್ಕದ್ದು.

ನಾದಕ್ಕೆ ಉಪಸ್ವರಗಳನ್ನು ತುಂಬುವ ಆಸೆ ನಮ್ಮವರಿಗೂ ಹೊಸದಲ್ಲ. ತಂಬೂರಿಯ ಕುದುರೆಯ ಮೇಲೆ ತಂತಿಯ ಅಡಿಗೆ ನೂಲೆಳೆಯನ್ನು ಸರಿಸಿ ‘ಜೀವ’ ಕೂಡಿಸುವುದು ಬೇರೆ ವಿಧಾನವಾದರೂ ಅದೇ ಬಯಕೆಯ ಫಲ. ತಂಬೂರಿ ಮತ್ತು ವೀಣೆಗಳ ಈ ಗುಣವನ್ನು ಸಿ. ವಿ. ರಾಮನ್ 1921ರ ಒಂದು ಪ್ರಬಂಧದಲ್ಲಿ ವಿವೇಚಿಸಿದ್ದಾರೆ. ಹೋಲಿಕೆಯನ್ನು ಇದಕ್ಕಿಂತ ಮುಂದಕ್ಕೆ ಎಳೆಯಬಾರದು; ತಂಬೂರಿಯಲ್ಲಿ ತಂತಿಯ ಚಲನೆಯೇ ಬದಲಾಗುತ್ತದೆ, ಪೆಡಲಿನಲ್ಲಿ ಬದಲಾಗುವುದು ವಿದ್ಯುತ್ ಸಂಕೇತ.

ಪ್ರಸಿದ್ಧ ಪೆಡಲುಗಳು ಮತ್ತು ವಾದಕರು

‘ಫಜ್ ಫೇಸ್’ ಪೆಡಲನ್ನು ಲಂಡನ್ನಿನ ಐವರ್ ಆರ್ಬಿಟರ್ 1966ರಲ್ಲಿ ಹೊರತಂದನು. ಮೈಕ್ ಸ್ಟಾಂಡಿನ ದುಂಡನೆಯ ಪಾದವನ್ನು ನೋಡಿ ಅದರ ಆಕಾರವನ್ನು ನಿಶ್ಚಯಿಸಿದನಂತೆ. ಒಳಗೆ ಎರಡೇ ಟ್ರಾನ್ಸಿಸ್ಟರುಗಳು. ಜಿಮಿ ಹೆಂಡ್ರಿಕ್ಸ್ ಇದರ ಅತ್ಯಂತ ಪ್ರಸಿದ್ಧ ವಾದಕ. ಜರ್ಮೇನಿಯಂ ಟ್ರಾನ್ಸಿಸ್ಟರುಗಳ ಗುಣ ಒಂದರಿಂದೊಂದಕ್ಕೆ ಬೇರೆಯಾಗುತ್ತಿತ್ತು, ಬಿಸಿಲೇರಿದರೆ ಇನ್ನಷ್ಟು ಬದಲಾಗುತ್ತಿತ್ತು. ಆದ್ದರಿಂದ ಅನೇಕ ಪೆಟ್ಟಿಗೆಗಳನ್ನು ನುಡಿಸಿ ನೋಡಿ ಒಳ್ಳೆಯದನ್ನು ಆರಿಸಬೇಕಾಗಿತ್ತು. ಮುಂದೆ ಸಿಲಿಕಾನ್ ಬಂದಾಗ ಈ ತೊಡಕು ತಗ್ಗಿತು, ಧ್ವನಿ ಹೆಚ್ಚು ಹರಿತವಾಯಿತು. ಗಿಟಾರಿನ ಮೇಲಿನ ಗುಂಡಿಯನ್ನು ಸ್ವಲ್ಪ ತಗ್ಗಿಸಿದರೆ ಫಜ್ ಫೇಸಿನ ಧ್ವನಿ ಬಹುಮಟ್ಟಿಗೆ ತಿಳಿಯಾಗುತ್ತದೆ. ಹೆಂಡ್ರಿಕ್ಸ್ ಈ ಗುಣವನ್ನು ಚೆನ್ನಾಗಿ ಬಲ್ಲವನಾಗಿದ್ದನು. 1967ರ ‘ಪರ್ಪಲ್ ಹೇಜ್’ ಗೀತೆಯ ಏಕವಾದನದಲ್ಲಿ ರೋಜರ್ ಮೇಯರ್ ರಚಿಸಿದ ‘ಆಕ್ಟೇವಿಯಾ’ ಎಂಬ ಪೆಟ್ಟಿಗೆಯೂ ಇದೆ. ಅದು ನುಡಿಸಿದ ಸ್ವರದ ಮೇಲಿನ ಸ್ಥಾಯಿಯನ್ನೂ ಕೂಡಿಸುತ್ತದೆ.

ನ್ಯೂಯಾರ್ಕಿನ ಎಲೆಕ್ಟ್ರೋ-ಹಾರ್ಮೋನಿಕ್ಸ್ ಸಂಸ್ಥೆಯ ‘ಬಿಗ್ ಮಫ್’ 1960ರ ದಶಕದ ಕೊನೆಯಲ್ಲಿ ಹುಟ್ಟಿತು. ಒಂದಾದಮೇಲೊಂದರಂತೆ ಎರಡು ಹಂತಗಳಲ್ಲಿ ಅಲೆಯನ್ನು ಕತ್ತರಿಸುವುದರಿಂದ ಇದರ ಸ್ವರ ಬಹುಕಾಲ ನಿಲ್ಲುತ್ತದೆ. ಪಿಂಕ್ ಫ್ಲಾಯ್ಡ್ ತಂಡದ ಡೇವಿಡ್ ಗಿಲ್ಮೋರ್ ಇದನ್ನು ನಿಧಾನಗತಿಯ, ವಿಲಾಪದಂತಹ ಏಕವಾದನಗಳಿಗೆ ಬಳಸಿದನು. ಸಿಯಾಟಲಿನ ಮಡ್‌ಹನಿ ತಂಡ ಅದೇ ಪೆಟ್ಟಿಗೆಯಿಂದ ಕೆಸರಿನಂತಹ ಧ್ವನಿಯನ್ನು ತೆಗೆದು, 1988ರ ತನ್ನ ಧ್ವನಿಮುದ್ರಿಕೆಗೆ ‘ಸೂಪರ್‌ಫಜ್ ಬಿಗ್‌ಮಫ್’ ಎಂದು ಪೆಡಲುಗಳ ಹೆಸರನ್ನೇ ಇಟ್ಟಿತು.

ಜಪಾನಿನ ಐಬನೆಜ್ ಸಂಸ್ಥೆಯ ಹಸಿರು ಬಣ್ಣದ ‘ಟ್ಯೂಬ್ ಸ್ಕ್ರೀಮರ್’ ಓವರ್‌ಡ್ರೈವ್ ವರ್ಗದ ಮಾದರಿ. ಇದರಲ್ಲಿ ಡಯೋಡುಗಳು ಅಂಚನ್ನು ಮೃದುವಾಗಿ ದುಂಡಗೆ ಮಾಡುತ್ತವೆ. ಮಂದ್ರದ ಭಾಗ ತಗ್ಗಿ, ಮಧ್ಯದ ಆವೃತ್ತಿಗಳು ಮುಂದೆ ಬರುತ್ತವೆ. ಟೆಕ್ಸಾಸಿನ ಸ್ಟೀವಿ ರೇ ವಾನ್ ಇದನ್ನು ಜೋರಾಗಿ ಇಟ್ಟ ವಾಲ್ವ್ ಆಂಪ್ಲಿಫೈಯರನ್ನು ಇನ್ನಷ್ಟು ತಳ್ಳಲು ಉಪಯೋಗಿಸಿದನು. ಬಾಸ್ ಸಂಸ್ಥೆಯ ಕಿತ್ತಳೆ ಬಣ್ಣದ ‘ಡಿಎಸ್-1’ 1978ರಲ್ಲಿ ಬಂದು ಇಂದಿಗೂ ತಯಾರಾಗುತ್ತಿದೆ. ನಿರ್ವಾಣ ತಂಡದ ಕರ್ಟ್ ಕೊಬೇನ್ ಇದನ್ನು ಬಳಸಿದವರಲ್ಲಿ ಒಬ್ಬ. ಸ್ವರಪದ್ಯವನ್ನು ತಿಳಿಯಾಗಿ ನುಡಿಸಿ ಪಲ್ಲವಿಗೆ ಬರುತ್ತಲೇ ಪೆಡಲನ್ನು ತುಳಿಯುವ ಅವನ ಪದ್ಧತಿ 1990ರ ದಶಕದಲ್ಲಿ ಎಲ್ಲೆಡೆ ಹಬ್ಬಿತು. ಇಲ್ಲಿ ಕಾಲಿನ ಗುಂಡಿ ಗೀತೆಯ ರಚನೆಯ ಅಂಗವೇ ಆಗಿದೆ.

ಅದೇ ಸಂಸ್ಥೆಯ ‘ಎಚ್‌ಎಂ-2’ ಪೆಡಲಿನ ಭಾಗ್ಯ ಬೇರೆ ಬಗೆಯದು. 1983ರಲ್ಲಿ ಹೆವಿ ಮೆಟಲ್ ವಾದಕರಿಗೆಂದು ಬಂದ ಇದು 1991ರ ಹೊತ್ತಿಗೆ ತಯಾರಿಕೆಯಿಂದ ನಿಂತಿತು. ಆದರೆ ಸ್ವೀಡನ್ನಿನ ತರುಣರು ಇದರ ಎಲ್ಲ ಗುಂಡಿಗಳನ್ನೂ ತುತ್ತತುದಿಗೆ ತಿರುಗಿಸಿ, ಮರ ಕೊಯ್ಯುವ ಯಂತ್ರದಂತಹ ಸದ್ದನ್ನು ಹೊರಡಿಸಿದರು. ಸ್ಟಾಕ್‌ಹೋಮಿನ ಸನ್‌ಲೈಟ್ ಸ್ಟುಡಿಯೋದಲ್ಲಿ ಮುದ್ರಿತವಾದ ಎಂಟೂಂಬ್ಡ್ ತಂಡದ ‘ಲೆಫ್ಟ್ ಹ್ಯಾಂಡ್ ಪಾತ್’ (1990) ಈ ಧ್ವನಿಯ ಮಾದರಿಯಾಯಿತು. ಕೊನೆಗೆ ತಯಾರಕರೇ 2021ರಲ್ಲಿ ಈ ಪೆಡಲನ್ನು ಮರಳಿ ತಂದರು. ಫಜ್-ಟೋನಿನಂತೆ ಇಲ್ಲಿಯೂ ಉಪಕರಣದ ಉಪಯೋಗವನ್ನು ನಿರ್ಧರಿಸಿದವರು ಅದನ್ನು ಕೊಂಡವರು.

ಬೆಲೆ ಮತ್ತು ನಕಲು

ಈ ಮಂಡಲಗಳು ಸರಳವಾದ್ದರಿಂದ ನಕಲು ಸುಲಭ. ಇದನ್ನು ತಡೆಯಲು ಬಿಲ್ ಫಿನ್ನೆಗನ್ ಎಂಬಾತ 1994ರಿಂದ ತಯಾರಿಸಿದ ‘ಕ್ಲಾನ್ ಸೆಂಟಾರ್’ ಪೆಡಲಿನ ಒಳಭಾಗವನ್ನು ಎಪಾಕ್ಸಿ ಅಂಟಿನಿಂದ ಮುಚ್ಚಿಬಿಡುತ್ತಿದ್ದನು. ಅಂಟನ್ನು ಕೆರೆದು ನೋಡಿದವರು ಅದನ್ನೂ ನಕಲು ಮಾಡಿದರು. ತಯಾರಿಕೆ ನಿಂತ ಮೇಲೆ ಮೂಲ ಪ್ರತಿಗಳು ಸಾವಿರಾರು ಡಾಲರುಗಳಿಗೆ ಮಾರಾಟವಾಗುತ್ತಿವೆ. ಇದು ಸಂಗ್ರಾಹಕರ ಬೆಲೆಯೇ ಹೊರತು ಧ್ವನಿಯ ಬೆಲೆಯಲ್ಲ. ಕಲಿಯುವವರಿಗೆ ಸಾಧಾರಣ ಬೆಲೆಯ ಪೆಡಲ್ ಸಾಕು.

ಬಳಕೆ

ಸಾಮಾನ್ಯವಾಗಿ ಪೆಡಲಿನ ಮೇಲೆ ಮೂರು ಗುಂಡಿಗಳಿರುತ್ತವೆ: ವಿರೂಪದ ಪ್ರಮಾಣ, ಧ್ವನಿಯ ಹರಿತ ಮತ್ತು ಹೊರಬರುವ ಮಟ್ಟ. ಹಲವು ಪೆಡಲುಗಳಿದ್ದಾಗ ಡಿಸ್ಟಾರ್ಷನ್ನನ್ನು ಪ್ರತಿಧ್ವನಿಯ ಪೆಡಲುಗಳಿಗಿಂತ ಮೊದಲು ಇಡುವುದು ವಾಡಿಕೆ. ತಿರುಗುಮುರುಗಾದರೆ ಪ್ರತಿಧ್ವನಿಯೂ ವಿರೂಪಗೊಂಡು ಗೊಂದಲವಾಗುತ್ತದೆ. ಅದೇ ಬೇಕೆನ್ನುವ ವಾದಕರೂ ಇದ್ದಾರೆ. ಹೆಚ್ಚಿನವು 9 ವೋಲ್ಟಿನ ಬ್ಯಾಟರಿ ಅಥವಾ ಅಡಾಪ್ಟರಿನಿಂದ ನಡೆಯುತ್ತವೆ. ಹಳೆಯ ಬಗೆಯ ಜರ್ಮೇನಿಯಂ ಫಜ್ ಪೆಡಲುಗಳಲ್ಲಿ ವಿದ್ಯುತ್ ಧ್ರುವಗಳು ತಿರುವುಮುರುವಾಗಿರಬಹುದಾದ್ದರಿಂದ ಅವನ್ನು ಇತರ ಪೆಡಲುಗಳೊಡನೆ ಒಂದೇ ಅಡಾಪ್ಟರಿಗೆ ಜೋಡಿಸಬಾರದು. ಬಹುತೇಕ ಪೆಡಲುಗಳಲ್ಲಿ ಗಿಟಾರಿನ ತಂತಿಯನ್ನು ಒಳಕಿಂಡಿಗೆ ಸಿಕ್ಕಿಸಿದೊಡನೆ ಬ್ಯಾಟರಿ ಚಾಲೂ ಆಗುತ್ತದೆ. ಕಾಲಿನ ಗುಂಡಿಯನ್ನು ಆರಿಸಿದರೂ ಅದು ಖರ್ಚಾಗುತ್ತಲೇ ಇರುತ್ತದೆ. ಆದುದರಿಂದ ಅಭ್ಯಾಸ ಮುಗಿದ ಮೇಲೆ ಆ ತಂತಿಯನ್ನು ಕಳಚಿಡಬೇಕು.