ಗೋಡೆಯ ಮುಂದೆ ಕೂತು ಮೇಷ್ಟ್ರಾದವರು

1909ರಿಂದ 1911ರ ನಡುವೆ ಎರಡು ಚಳಿಗಾಲ ಲೇಡಿ ಹೆರಿಂಗ್‌ಹ್ಯಾಮ್ ಎಂಬ ಇಂಗ್ಲಿಷ್ ಕಲಾವಿದೆ ಅಜಂತಾದಲ್ಲಿ ಬೀಡುಬಿಟ್ಟಿದ್ದರು. ಮಾಸಿಹೋಗುತ್ತಿದ್ದ ಭಿತ್ತಿಚಿತ್ರಗಳ ಪ್ರತಿ ತೆಗೆಯುವುದು ಅವರ ಹಟ. ನೆರವಿಗೆ ಕಲ್ಕತ್ತೆಯಿಂದ ಬಂದ ತರುಣರಲ್ಲಿ ನಂದಲಾಲ್ ಬೋಸ್, ಅಸಿತ್ ಕುಮಾರ್ ಹಾಲ್ದಾರ್, ಸಮರೇಂದ್ರನಾಥ ಗುಪ್ತ ಇದ್ದರು. ನಮ್ಮ ಮೈಸೂರಿನ ಕೆ. ವೆಂಕಟಪ್ಪನವರೂ ಇದ್ದರು.

ಮುಂದೆ ಇವರು ಏನಾದರು ನೋಡಿ. ನಂದಲಾಲರು ಶಾಂತಿನಿಕೇತನದ ಕಲಾಭವನವನ್ನು ಕಟ್ಟಿ ಬೆಳೆಸಿದರು. ಹಾಲ್ದಾರರು 1925ರಲ್ಲಿ ಲಖನೌ ಕಲಾಶಾಲೆಯ ಪ್ರಾಂಶುಪಾಲರಾದರು. ಗುಪ್ತರು ಲಾಹೋರಿನಲ್ಲಿ ಕಲಿಸಿದರು. ವೆಂಕಟಪ್ಪನವರು ಮಾತ್ರ ಶಾಲೆಯ ದಾರಿ ಹಿಡಿಯದೆ ಅರಮನೆಯ ಕಲಾವಿದರಾದರು. ಅಜಂತಾದ ಗುಹೆಗಳಲ್ಲಿ ನಡೆದದ್ದು ದೇಶ ಕಂಡ ಅತ್ಯುತ್ತಮ ಚಿತ್ರಕಲಾ ಶಿಕ್ಷಕರ ತರಬೇತಿ ಎಂದೇ ನನ್ನ ನಂಬಿಕೆ.

ಕಲ್ಕತ್ತೆಯ ತರುಣರು ಅಜಂತಾಕ್ಕೆ ಬಂದುದರ ಹಿಂದೆ ಒಂದು ಜಗಳವಿದೆ. 1896ರಲ್ಲಿ ಕಲ್ಕತ್ತೆಯ ಕಲಾಶಾಲೆಗೆ ಬಂದ ಇ.ಬಿ. ಹ್ಯಾವೆಲ್, ಯುರೋಪಿನ ಕೃತಿಗಳ ನಕಲುಗಳನ್ನು ತೆಗೆಸಿ ಭಾರತದ ಚಿತ್ರಗಳನ್ನು ತರಿಸತೊಡಗಿದರು. ಸಿಡಿದೆದ್ದವರು ವಿದ್ಯಾರ್ಥಿಗಳೇ. ತಮಗೆ ನಿಜವಾದ ವಿದ್ಯೆ ತಪ್ಪಿಹೋಗುತ್ತಿದೆ ಎಂಬುದು ಅವರ ಸಂಕಟ. ಒಂದು ಗುಂಪು ಶಾಲೆ ಬಿಟ್ಟು ಹೊರನಡೆದು 1897ರಲ್ಲಿ ಜ್ಯೂಬಿಲಿ ಆರ್ಟ್ ಅಕಾಡೆಮಿಯನ್ನೇ ಕಟ್ಟಿಕೊಂಡಿತು. ಹ್ಯಾವೆಲ್ ಜಗ್ಗಲಿಲ್ಲ, ಅವನೀಂದ್ರನಾಥ ಠಾಕೂರರನ್ನು ಶಾಲೆಗೆ ಕರೆತಂದರು. 1909ರಲ್ಲಿ ಮೈಸೂರಿನಿಂದ ಹೋದ ವೆಂಕಟಪ್ಪನವರಿಗೆ ಸಿಕ್ಕ ಗುರು ಈ ಅವನೀಂದ್ರನಾಥರೇ.

ಆ ಹೊತ್ತಿಗೆ ಮೈಸೂರಿನಲ್ಲೂ ಕಲೆ ಕಲಿಸುವ ಕೆಲಸ ಶುರುವಾಗಿತ್ತು. ರವಿವರ್ಮನನ್ನು 1885ರಲ್ಲಿ ಆಸ್ಥಾನಕ್ಕೆ ಕರೆಸಿದ್ದ ಚಾಮರಾಜೇಂದ್ರ ಒಡೆಯರ ಹೆಸರಿನ ತಾಂತ್ರಿಕ ಸಂಸ್ಥೆಗೆ 1906ರಲ್ಲಿ ಬ್ರಿಟನ್ನಿನ ಯುವರಾಜರು ಅಡಿಗಲ್ಲು ಇಟ್ಟರು. 1980ರ ದಶಕದಲ್ಲಿ ಅದೇ ದೊರೆಯ ಹೆಸರಿನಲ್ಲಿ ದೃಶ್ಯಕಲಾ ಅಕಾಡೆಮಿ, ಅಂದರೆ ಎಲ್ಲರ ಬಾಯಲ್ಲಿರುವ ‘ಕಾವಾ’ ಬಂತು. 1997ರವರೆಗೆ ನಮ್ಮ ಚಾಮರಾಜನಗರ, ಗುಂಡ್ಲುಪೇಟೆ ತಾಲ್ಲೂಕುಗಳೆರಡೂ ಮೈಸೂರು ಜಿಲ್ಲೆಯವೇ. ಇಲ್ಲಿ ಬಣ್ಣದ ಹುಚ್ಚು ಹತ್ತಿದ ಹುಡುಗನಿಗೆ ಕಾಣುತ್ತಿದ್ದದ್ದು ಮೈಸೂರಿನ ಬಸ್ಸು. ಲೋಯರ್, ಹೈಯರ್ ಗ್ರೇಡ್ ಚಿತ್ರಕಲಾ ಪರೀಕ್ಷೆ ಮುಗಿಸಿ, ಆರ್ಟ್ ಮಾಸ್ಟರ್ ಕೋರ್ಸ್ ಮಾಡಿಕೊಂಡು ಡ್ರಾಯಿಂಗ್ ಮೇಷ್ಟ್ರಾಗುವುದು ಒಂದು ತಲೆಮಾರಿನ ಕನಸಾಗಿತ್ತು.

ಆ ಕನಸು ಈಗ ಸೊರಗಿದೆ. ಡ್ರಾಯಿಂಗ್ ಮೇಷ್ಟ್ರು ನಿವೃತ್ತರಾದ ಮೇಲೆ ಅವರ ಜಾಗಕ್ಕೆ ಯಾರೂ ಬಾರದ ಶಾಲೆಗಳಿವೆ. ಪರೀಕ್ಷೆ ಹತ್ತಿರವಾದರೆ ಚಿತ್ರಕಲೆಯ ಪೀರಿಯಡ್ಡು ಗಣಿತದ ಪಾಲು. ಹತ್ತನೆಯ ತರಗತಿಯವರೆಗೂ ಕಲೆ ಪಠ್ಯದ ಭಾಗವಾಗಬೇಕೆಂದು 2005ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು ಹೇಳಿದ್ದು ಕಾಗದದಲ್ಲೇ ಉಳಿಯಿತು. ತರಬೇತಿ ಎಂದು ಕರೆದರೂ ಮೇಷ್ಟ್ರನ್ನು ಸಭಾಂಗಣದಲ್ಲಿ ಕೂರಿಸಿ ಭಾಷಣ ಕೇಳಿಸಿ ಕಳಿಸಿದರೆ ಅವರ ಕೈ ಪಳಗುವುದು ಹೇಗೆ?

ಕೈ ಪಳಗಿಸುವ ಗೋಡೆಗಳು ನಮ್ಮ ಚಾಮರಾಜನಗರ ಜಿಲ್ಲೆಯಲ್ಲೇ ಇವೆ. ನರಸಮಂಗಲದ ರಾಮಲಿಂಗೇಶ್ವರ ದೇವಾಲಯದ ವಿಮಾನದ ಮೇಲೆ ಗಂಗರ ಕಾಲದ ಗಾರೆ ಶಿಲ್ಪಗಳಿವೆ. ಕಲ್ಲನ್ನು ಕಡಿದು ತೆಗೆಯುವ ಕೆಲಸ ಬೇರೆ, ಹಸಿ ಗಾರೆಯನ್ನು ಮೆತ್ತಿ ಮೈಕಟ್ಟು ತರುವ ಕೆಲಸ ಬೇರೆ. ಆ ವ್ಯತ್ಯಾಸ ತಿಳಿಯಲು ಅಲ್ಲಿನ ಸಪ್ತಮಾತೃಕೆಯರ ಕಲ್ಲಿನ ವಿಗ್ರಹಗಳನ್ನೂ ವಿಮಾನದ ಗಾರೆ ಮೂರ್ತಿಗಳನ್ನೂ ಒಂದೇ ದಿನ ಪೆನ್ಸಿಲ್ ಹಿಡಿದು ಬರೆದರೆ ಸಾಕು. ಯಳಂದೂರಿನ ಬಳೆಮಂಟಪದಲ್ಲಿ ಕಲ್ಲಿನ ಬಳೆಗಳ ಸರಪಳಿ ಇದೆ. ಗುಂಡ್ಲುಪೇಟೆಯಲ್ಲಿ ಚಿಕ್ಕದೇವರಾಜ ಒಡೆಯರು ತಂದೆಯ ನೆನಪಿಗೆ ಕಟ್ಟಿಸಿದ ಪರವಾಸುದೇವ ದೇಗುಲವಿದೆ. ಬಣ್ಣದ ಪಾಠಕ್ಕೆ ಆ ತಾಲ್ಲೂಕಿನ ಚೆಂಡುಹೂವಿನ ಹೊಲಗಳೇ ಇವೆ.

ಶಿಕ್ಷಣ ಇಲಾಖೆಗೆ ನನ್ನದೊಂದು ಕೋರಿಕೆ. ಚಾಮರಾಜನಗರ, ಗುಂಡ್ಲುಪೇಟೆ ಎರಡೂ ತಾಲ್ಲೂಕುಗಳ ಚಿತ್ರಕಲಾ ಶಿಕ್ಷಕರನ್ನು ವರ್ಷಕ್ಕೊಮ್ಮೆ ನರಸಮಂಗಲಕ್ಕೆ ಕರೆದೊಯ್ಯಿರಿ. ಭಾಷಣ ಬೇಡ, ಕಾಗದ, ಪೆನ್ಸಿಲ್, ಒಂದಿಷ್ಟು ಜೇಡಿಮಣ್ಣು ಕೊಡಿ. ಖಾಲಿ ಹುದ್ದೆಗಳನ್ನು ತುಂಬಿ. ಮೇಷ್ಟ್ರು ಬರೆಯುತ್ತಿದ್ದರೆ ಮಕ್ಕಳೂ ಬರೆಯುತ್ತಾರೆ.