ಮುಂದಿನ ಚಕ್ರ ದಾಟಿದರೆ ಬಸ್ ದಾಟಿದಂತೆಯೇ?

ಒಂದು ಬಗೆಯ ಸಿಸಿಟಿವಿ ವಿಡಿಯೊ ವಾಟ್ಸ್ಆ್ಯಪ್ ಗುಂಪುಗಳಲ್ಲಿ ಆಗಾಗ ಸುತ್ತುತ್ತಿರುತ್ತದೆ. ಊರು ಬೇರೆ, ಬಸ್ ಬೇರೆ, ಕಥೆ ಮಾತ್ರ ಒಂದೇ. ಬಸ್ ಎಡಕ್ಕೆ ತಿರುಗುತ್ತಿದೆ, ಅದರ ಎಡಬದಿಯಲ್ಲಿ ಒಂದು ಸ್ಕೂಟರ್. ಬಸ್ಸಿನ ಮುಂಭಾಗ ಸ್ಕೂಟರಿಗೆ ತಾಗದೆ ಮುಂದೆ ಹೋಗುತ್ತದೆ. ಮರುಕ್ಷಣ ಸ್ಕೂಟರ್ ಹಿಂದಿನ ಚಕ್ರಕ್ಕೆ ಸಿಕ್ಕಿರುತ್ತದೆ. ಕೆಳಗೆ ಬರಹ: ‘ಡ್ರೈವರ್ ಬೇಕೆಂದೇ ಒತ್ತಿದ, ಎಲ್ಲರಿಗೂ ಶೇರ್ ಮಾಡಿ.’

ಡ್ರೈವರ್ ತಪ್ಪು ಇರಬಹುದು, ಇಲ್ಲದಿರಬಹುದು. ಅದು ತನಿಖೆಗೆ ಬಿಟ್ಟ ವಿಷಯ. ಆದರೆ ಮುಂಭಾಗ ತಾಗದೆ ಹಿಂಭಾಗ ಮಾತ್ರ ತಾಗಿತು ಎನ್ನುವುದು ‘ಬೇಕೆಂದೇ’ ಎಂಬುದಕ್ಕೆ ಸಾಕ್ಷಿಯಾಗುವುದಿಲ್ಲ. ತಿರುವಿನಲ್ಲಿ ಎಲ್ಲ ಬಸ್ಸುಗಳೂ ಹಾಗೆಯೇ ಚಲಿಸುತ್ತವೆ.

ಬಸ್ಸಿನ ಎಡಬದಿಯನ್ನು ಒಂದು ಗಟ್ಟಿ ಕೋಲು ಎಂದುಕೊಳ್ಳಿ. ಒಂದು ತುದಿ ಮುಂಚಕ್ರ, ಇನ್ನೊಂದು ತುದಿ ಹಿಂಚಕ್ರ. ಕೋಲು ಹಿಗ್ಗುವುದಿಲ್ಲ, ಕುಗ್ಗುವುದಿಲ್ಲ. ಆದ್ದರಿಂದ ಕೋಲಿನ ಉದ್ದಕ್ಕೂ ನೋಡಿದಾಗ ಎರಡೂ ತುದಿಗಳ ವೇಗ ಒಂದೇ ಇರಲೇಬೇಕು. ಇಲ್ಲದಿದ್ದರೆ ಬಸ್ಸೇ ಎರಡು ತುಂಡಾಗಬೇಕಲ್ಲ! ಆದರೆ ಅಡ್ಡ ದಿಕ್ಕಿನ ವೇಗಕ್ಕೆ ಈ ಕಟ್ಟುಪಾಡು ಇಲ್ಲ. ಪಠ್ಯಪುಸ್ತಕಗಳು ಇವನ್ನೇ ವೇಗದ ‘ಘಟಕಗಳು’ ಎನ್ನುತ್ತವೆ.

ಸ್ಟೇರಿಂಗ್ ತಿರುಗಿಸಿದರೆ ತಿರುಗುವುದು ಮುಂಚಕ್ರಗಳು ಮಾತ್ರ. ಹಾಗಾಗಿ ಮುಂದಿನ ತುದಿಗೆ ಮುನ್ನುಗ್ಗುವ ವೇಗವೂ ಇದೆ, ಪಕ್ಕಕ್ಕೆ ಸರಿಯುವ ವೇಗವೂ ಇದೆ. ಹಿಂಚಕ್ರಕ್ಕೆ ಪಕ್ಕದ ವೇಗ ಇಲ್ಲ, ಅದು ಬಸ್ಸಿನ ಉದ್ದದ ದಿಕ್ಕಿಗಷ್ಟೇ ಉರುಳುತ್ತದೆ. ಮುಂಚಕ್ರ ತಿರುವನ್ನು ಬಳಸಿಕೊಂಡು ಹೋದರೆ ಹಿಂಚಕ್ರ ಒಳಗಿನಿಂದ ಅಡ್ಡದಾರಿ ಹಿಡಿಯುತ್ತದೆ.

ಎಷ್ಟು ಒಳಗೆ? ನಗರದ 12 ಮೀಟರ್ ಉದ್ದದ ಬಸ್ಸಿನಲ್ಲಿ ಮುಂಚಕ್ರಕ್ಕೂ ಹಿಂಚಕ್ರಕ್ಕೂ ಸುಮಾರು 6 ಮೀಟರ್ ಅಂತರ. ಎಡ ಮುಂಚಕ್ರ 11 ಮೀಟರ್ ತ್ರಿಜ್ಯದ ವೃತ್ತದಲ್ಲಿ ಸುತ್ತುತ್ತಿದೆ ಎಂದಿಟ್ಟುಕೊಳ್ಳಿ. ಹೈಸ್ಕೂಲಿನ ಪೈಥಾಗೊರಸ್ ಸಾಕು: 121ರಲ್ಲಿ 36 ಕಳೆದರೆ 85, ಅದರ ವರ್ಗಮೂಲ ಸುಮಾರು 9.2. ಅಂದರೆ ಎಡ ಹಿಂಚಕ್ರದ ವೃತ್ತ 1.8 ಮೀಟರ್ ಒಳಗಿದೆ. ಮುಂಚಕ್ರ ಗಂಟೆಗೆ 10 ಕಿ.ಮೀ. ವೇಗದಲ್ಲಿದ್ದರೆ ಹಿಂಚಕ್ರದ ವೇಗ ಸುಮಾರು 8.4 ಕಿ.ಮೀ. ಸಿಗ್ನಲ್‌ನ ಚಿಕ್ಕ ತಿರುವಿನಲ್ಲಿ ಬಸ್ ಪೂರ್ತಿ ವೃತ್ತ ಸುತ್ತುವುದಿಲ್ಲ, ಹಾಗಾಗಿ ಅಂತರ ಇಷ್ಟಕ್ಕಿಂತ ಸ್ವಲ್ಪ ಕಡಿಮೆ. ಆದರೂ ಒಂದು ಸ್ಕೂಟರ್ ನಿಲ್ಲುವ ಜಾಗವನ್ನು ನುಂಗಲು ಅಷ್ಟು ಸಾಕು.

ಈಗ ಬನಶಂಕರಿ ಬಸ್ ನಿಲ್ದಾಣದ ಹೊರಗಿನ ತಿರುವನ್ನೋ ಬಿಟಿಎಂ ಲೇಔಟ್‌ನ ಉಡುಪಿ ಗಾರ್ಡನ್ ಸಿಗ್ನಲ್ಲನ್ನೋ ನೆನಪಿಸಿಕೊಳ್ಳಿ. ಬಸ್ಸಿಗೂ ಫುಟ್‌ಪಾತಿಗೂ ನಡುವೆ ಒಂದೂವರೆ ಮೀಟರ್ ಖಾಲಿ ಕಂಡರೆ ಯಾವುದಾದರೂ ಸ್ಕೂಟರ್ ಅಲ್ಲಿ ನುಗ್ಗಿಯೇ ನುಗ್ಗುತ್ತದೆ. ಬಸ್ ನಿಂತಾಗ ಆ ಜಾಗ ನಿಜಕ್ಕೂ ಇರುತ್ತದೆ. ಬಸ್ ಎಡಕ್ಕೆ ತಿರುಗುತ್ತಾ ಹೋದಂತೆ ಅದು ಹಿಂದಿನಿಂದ ಮುಚ್ಚಿಕೊಳ್ಳುತ್ತದೆ. ಡ್ರೈವರ್ ಕೂರುವುದು ಬಲಗಡೆ. ಎಡಬದಿಗೆ ಅಂಟಿಕೊಂಡಿರುವ ಸ್ಕೂಟರ್ ಅವರ ಕಣ್ಣಿಗೆ ಬೀಳುವುದೇ ಕಷ್ಟ. ಇಂಡಿಕೇಟರ್ ಹಾಕಿದ ಬಸ್ಸಿನ ಹಿಂದೆಯೇ ನಿಲ್ಲಿ. ಹಸಿರು ದೀಪ ಬಂದ ಮೇಲೆ ಹೋಗುವುದು ಐದು ಸೆಕೆಂಡ್, ಹೆಚ್ಚೆಂದರೆ ಹತ್ತು.

ನಂಬಿಕೆ ಬಾರದಿದ್ದರೆ ಮನೆಯಲ್ಲಿರುವ ಮಕ್ಕಳ ಸೈಕಲ್ ತೆಗೆದುಕೊಳ್ಳಿ. ಎರಡೂ ಚಕ್ರ ಒದ್ದೆ ಮಾಡಿ, ಒಣ ನೆಲದ ಮೇಲೆ ತಿರುಗಿಸುತ್ತಾ ತಳ್ಳಿ. ಎರಡು ಗೆರೆ ಮೂಡುತ್ತವೆ, ಹಿಂಚಕ್ರದ್ದು ಯಾವಾಗಲೂ ಒಳಗಡೆ.

ಇನ್ನೊಂದು ಅಪಾಯದ ಬಗ್ಗೆ ಫಾರ್ವರ್ಡ್‌ಗಳು ಹೇಳುವುದೇ ಇಲ್ಲ. ಬಸ್ಸಿನ ದೇಹ ಹಿಂಚಕ್ರದಿಂದಲೂ ಹಿಂದಕ್ಕೆ ಸುಮಾರು 3 ಮೀಟರ್ ಚಾಚಿರುತ್ತದೆ. ತಿರುಗುವಾಗ ಆ ಬಾಲದ ಅಡ್ಡ ವೇಗ ಉಲ್ಟಾ ದಿಕ್ಕಿಗೆ. ಬಸ್ ಬಲಕ್ಕೆ ತಿರುಗಿದರೆ ಹಿಂದಿನ ಎಡ ಮೂಲೆ ಎಡಕ್ಕೆ, ಅಂದರೆ ಫುಟ್‌ಪಾತಿನ ಕಡೆಗೆ ಬೀಸುತ್ತದೆ. ಸ್ಟೇರಿಂಗನ್ನು ಪೂರ್ತಿ ತಿರುಗಿಸಿದರೆ ಹೆಚ್ಚುಕಡಿಮೆ ಅರ್ಧ ಮೀಟರ್. ಜಯನಗರ 4ನೇ ಬ್ಲಾಕ್‌ನಲ್ಲಿ ಬಸ್ ಹೊರಟಿತೆಂದು ಅದರ ಹಿಂಬದಿಗೆ ಒರಗಿದಂತೆ ನಿಂತು ಮೊಬೈಲ್ ನೋಡುವವರಿಗೆ ತಾಗುವುದು ಈ ಮೂಲೆಯೇ.